ವೈರಸ್ ತೆಗೆದ ಮೇಲೂ ಕಂಪ್ಯೂಟರ್ ಆನ್ ಮಾಡಿದೊಡನೆ ದೋಷ ಸಂದೇಶ ಬರುತ್ತಿದೆ: ಫಾರ್ಮ್ಯಾಟ್ ಬಿಟ್ಟು ಬೇರೆ ದಾರಿ ಇದೆಯೇ?

ಅಚ್ಚಿನಮನೆ, ಹಳೇ ದಾವಣಗೆರೆ

ಎಲ್ಲರಿಗೂ ನಮಸ್ಕಾರ. ನಮ್ಮದು ಹಳೇ ದಾವಣಗೆರೆಯಲ್ಲಿ ಸಣ್ಣ ಡಿಟಿಪಿ ಅಂಗಡಿ. ಲಗ್ನಪತ್ರಿಕೆ, ಕರಪತ್ರ, ಬಿಲ್ ಪುಸ್ತಕ, ಜಾತ್ರೆಯ ಫ್ಲೆಕ್ಸ್ ವಿನ್ಯಾಸ ಎಲ್ಲವೂ ಒಂದೇ ಕಂಪ್ಯೂಟರ್‌ನಲ್ಲಿ ನಡೆಯುತ್ತದೆ. ಕಳೆದ ವಾರ ಗ್ರಾಹಕರೊಬ್ಬರು ಪೆನ್‌ಡ್ರೈವ್ ತಂದಿದ್ದರು. ಹಾಕಿದ ಸ್ವಲ್ಪ ಹೊತ್ತಿಗೆ ಆ್ಯಂಟಿವೈರಸ್ ಕೂಗಿಕೊಂಡಿತು, ಏನೋ ಸಿಕ್ಕಿದೆ ಎಂದು ತೆಗೆದೂ ಹಾಕಿತು. ಅಂದಿನಿಂದ ವಿಂಡೋಸ್ ತೆರೆದ ಕೂಡಲೇ ಎರಡು ಪೆಟ್ಟಿಗೆಗಳು ಕಾಣಿಸಿಕೊಳ್ಳುತ್ತಿವೆ. ಒಂದರ ತಲೆಬರಹ ರನ್‌ಡಿಎಲ್‌ಎಲ್. ಅದರಲ್ಲಿ ಯೂಸರ್ಸ್ ಒಳಗಿನ ಆ್ಯಪ್‌ಡೇಟಾ, ರೋಮಿಂಗ್ ಎಂಬ ದಾರಿ, ಕೊನೆಗೆ ಅರ್ಥವಿಲ್ಲದ ಅಕ್ಷರಗಳ ಒಂದು ಡಿಎಲ್‌ಎಲ್ (ಬೇರೆ ಪ್ರೋಗ್ರಾಂ ಎಬ್ಬಿಸಿ ಬಳಸುವ ಕಡತ) ಹೆಸರು, 'ಮಾಡ್ಯೂಲ್ ಸಿಗಲಿಲ್ಲ' ಎಂಬ ಮಾತು. ಇನ್ನೊಂದರ ತಲೆಬರಹ ವಿಂಡೋಸ್ ಸ್ಕ್ರಿಪ್ಟ್ ಹೋಸ್ಟ್. ಯಾವುದೋ ವಿಬಿಎಸ್ (ಆಜ್ಞೆಗಳನ್ನು ಬರೆದಿಟ್ಟ ಸ್ಕ್ರಿಪ್ಟ್) ಕಡತ ಸಿಗುತ್ತಿಲ್ಲವೆಂದು ಹೇಳುತ್ತದೆ.

ಓಕೆ ಒತ್ತಿದರೆ ಎರಡೂ ಹೋಗುತ್ತವೆ, ಕೆಲಸ ನಡೆಯುತ್ತದೆ. ಆದರೆ ಮನಸ್ಸಿಗೆ ನೆಮ್ಮದಿ ಇಲ್ಲ. ಅಂಗಡಿಯೊಂದರಲ್ಲಿ ವಿಚಾರಿಸಿದರೆ ಫಾರ್ಮ್ಯಾಟ್ ಮಾಡಿ ಹೊಸದಾಗಿ ಓಎಸ್ ಹಾಕಬೇಕು ಎಂದರು. ನನಗೆ ಅದು ಸುಲಭವಲ್ಲ. ಹಳೆಯ ಪೇಜ್‌ಮೇಕರ್ ಕಡತಗಳು, ನುಡಿ ಮತ್ತು ಬರಹದ ಫಾಂಟುಗಳು, ಪ್ರಿಂಟರ್‌ಗೆ ಹೊಂದಿಸಿಕೊಂಡ ಬಣ್ಣದ ಅಳತೆಗಳು ಎಲ್ಲವನ್ನೂ ಮತ್ತೆ ಮೊದಲಿಂದ ಕೂರಿಸಬೇಕು. ಮದುವೆಯ ಹಂಗಾಮು ಬೇರೆ. ತಿಳಿದವರು ದಯವಿಟ್ಟು ದಾರಿ ತೋರಿಸಿ.

ದುರಸ್ತಿ ಕೆಲಸದವನು, ಚಿತ್ರದುರ್ಗ

ನಮಸ್ಕಾರ ಸರ್. ಗಾಬರಿಯಾಗಬೇಡಿ, ಆ ಎರಡು ಪೆಟ್ಟಿಗೆಗಳು ವೈರಸ್ ಅಲ್ಲ. ಆ್ಯಂಟಿವೈರಸ್ ಅರ್ಧಕ್ಕೆ ಬಿಟ್ಟ ಕೆಲಸದ ಗುರುತು ಅವು. ದುಷ್ಟ ತಂತ್ರಾಂಶ ಒಳಗೆ ಬಂದಾಗ ಎರಡು ಕೆಲಸ ಮಾಡುತ್ತದೆ: ತನ್ನ ಕಡತವನ್ನು ಎಲ್ಲೋ ಒಂದು ಮೂಲೆಯಲ್ಲಿ ಇಡುತ್ತದೆ, ವಿಂಡೋಸ್ ಶುರುವಾದಾಗಲೆಲ್ಲ ಆ ಕಡತವನ್ನು ಎಬ್ಬಿಸು ಎಂದು ಇನ್ನೊಂದು ಕಡೆ ಬರೆದಿಡುತ್ತದೆ. ಆ್ಯಂಟಿವೈರಸ್ ಕಡತವನ್ನು ಅಳಿಸಿದೆ, ಬರೆದಿಟ್ಟ ಆಜ್ಞೆಯನ್ನು ಹಾಗೆಯೇ ಬಿಟ್ಟಿದೆ. ಇಲ್ಲದ ಕಡತವನ್ನು ಹುಡುಕಿ ಸುಸ್ತಾದ ವಿಂಡೋಸ್ ನಿಮಗೆ ದೂರು ಹೇಳುತ್ತಿದೆ.

ಮೊದಲು ಎರಡು ಎಚ್ಚರಿಕೆ. ಸಿಗುತ್ತಿಲ್ಲ ಎಂದ ಡಿಎಲ್‌ಎಲ್ ಹೆಸರನ್ನು ಗೂಗಲ್‌ನಲ್ಲಿ ಹುಡುಕಿ, ಡಿಎಲ್‌ಎಲ್ ಕೊಡುತ್ತೇವೆ ಎನ್ನುವ ತಾಣಗಳಿಂದ ಏನನ್ನೂ ಇಳಿಸಿಕೊಳ್ಳಬೇಡಿ. ಹೋದ ಕಳ್ಳನನ್ನು ಕೈಹಿಡಿದು ಮನೆಗೆ ಕರೆದ ಹಾಗಾಗುತ್ತದೆ. ಎರಡನೆಯದು, ಸಿಸ್ಟಮ್32 ಫೋಲ್ಡರ್‌ನಲ್ಲಿರುವ ರನ್‌ಡಿಎಲ್‌ಎಲ್32 ಮತ್ತು ಡಬ್ಲ್ಯುಸ್ಕ್ರಿಪ್ಟ್ ಎಂಬವು ಡಿಎಲ್‌ಎಲ್ ಮತ್ತು ವಿಬಿಎಸ್ ಕಡತಗಳನ್ನು ಓಡಿಸುವ, ವಿಂಡೋಸ್‌ನದೇ ಕಡತಗಳು. ಸಂದೇಶದಲ್ಲಿ ಅವುಗಳ ಹೆಸರು ಕಂಡಿತೆಂದು ಅಳಿಸುವವರನ್ನು ನೋಡಿದ್ದೇನೆ. ಆಮೇಲೆ ಕಂಟ್ರೋಲ್ ಪ್ಯಾನೆಲ್‌ನ ಅರ್ಧ ಭಾಗ ತೆರೆಯುವುದೇ ಇಲ್ಲ.

ಈಗ ಕೆಲಸಕ್ಕೆ ಬರೋಣ. ಸಂದೇಶದ ಪೆಟ್ಟಿಗೆಯ ಫೋಟೊ ಮೊಬೈಲ್‌ನಲ್ಲಿ ತೆಗೆದುಕೊಳ್ಳಿ, ಅದರಲ್ಲಿರುವ ದಾರಿ ಮತ್ತು ಕಡತದ ಹೆಸರೇ ನಿಮ್ಮ ಕೈದೀಪ. ಆಮೇಲೆ ಆಟೋರನ್ಸ್ ಎಂಬ ಸಾಧನವನ್ನು ಮೈಕ್ರೋಸಾಫ್ಟ್‌ನ ಸ್ವಂತ ತಾಣದಿಂದಲೇ ಇಳಿಸಿ. ಅದು ಸಿಸ್‌ಇಂಟರ್ನಲ್ಸ್ ಎಂಬ ಸಾಧನ ಗುಚ್ಛಕ್ಕೆ ಸೇರಿದ್ದು, ಮೈಕ್ರೋಸಾಫ್ಟ್ 2006ರಲ್ಲಿ ಕೊಂಡುಕೊಂಡಿತು, ಪೂರ್ತಿ ಉಚಿತ. ಇನ್‌ಸ್ಟಾಲ್ ಮಾಡುವ ಅಗತ್ಯವಿಲ್ಲ. ಬಲಗುಂಡಿ ಒತ್ತಿ ಅಡ್ಮಿನಿಸ್ಟ್ರೇಟರ್ ಆಗಿ ತೆರೆಯಿರಿ. ವಿಂಡೋಸ್ ಶುರುವಾಗುವಾಗ ತಾನಾಗಿ ಏಳುವುದು ಏನೇನಿದೆಯೋ ಅಷ್ಟೂ ಒಂದೇ ಕಡೆ ಕಾಣುತ್ತದೆ: ರಿಜಿಸ್ಟ್ರಿಯ (ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಬರೆದಿಟ್ಟುಕೊಳ್ಳುವ ಕೋಶ) ರನ್ ಕೀಲಿಗಳು, ಸ್ಟಾರ್ಟಪ್ ಫೋಲ್ಡರ್, ಸರ್ವಿಸ್‌ಗಳು, ನಿಗದಿತ ಕೆಲಸಗಳು. ಟಾಸ್ಕ್ ಮ್ಯಾನೇಜರ್‌ನ ಸ್ಟಾರ್ಟಪ್ ಪುಟ ಇದರ ಕಾಲು ಭಾಗವನ್ನೂ ತೋರಿಸುವುದಿಲ್ಲ.

ಪಟ್ಟಿ ಪೂರ್ತಿ ತುಂಬಿಕೊಳ್ಳುವ ತನಕ ಕಾಯಿರಿ. ಹಳದಿ ಬಣ್ಣದ ಸಾಲುಗಳೆಂದರೆ ಆಜ್ಞೆ ಇದೆ, ಕಡತ ಇಲ್ಲ ಎಂದರ್ಥ. ಹಳದಿಯಾದುದೆಲ್ಲ ವೈರಸ್ ಎಂದುಕೊಳ್ಳಬೇಡಿ, ಎಂದೋ ತೆಗೆದ ಹಳೆಯ ಪ್ರಿಂಟರ್ ತಂತ್ರಾಂಶವೂ ಹೀಗೆ ಕಾಣುತ್ತದೆ. ಮೇಲಿನ ಹುಡುಕು ಪೆಟ್ಟಿಗೆಯಲ್ಲಿ ನಿಮ್ಮ ಫೋಟೊದಲ್ಲಿರುವ ಡಿಎಲ್‌ಎಲ್ ಹೆಸರನ್ನು, ಆಮೇಲೆ ವಿಬಿಎಸ್ ಹೆಸರನ್ನು ಟೈಪಿಸಿ. ಸಾಲು ಸಿಕ್ಕರೆ ಎಡಗಡೆಯ ಟಿಕ್ ತೆಗೆಯಿರಿ, ಅಳಿಸಬೇಡಿ. ಕಂಪ್ಯೂಟರ್ ಮತ್ತೆ ಶುರು ಮಾಡಿ ಎಲ್ಲ ಸರಿಯಿದೆ ಎಂದು ಕಂಡ ಮೇಲೆ ಅಳಿಸಿ. ಟಿಕ್ ತೆಗೆದರೆ ವಾಪಸ್ ಹಾಕಬಹುದು, ಅಳಿಸಿದರೆ ಆಗುವುದಿಲ್ಲ.

ಮುಗಿದ ಮೇಲೆ ಏನು ಕಂಡಿತೆಂದು ಇಲ್ಲಿ ಬರೆಯಿರಿ.

ಓಎಸ್ ಹಾಕುವವನು, ಹರಿಹರ

ಸರ್, ನನ್ನದು ಬೇರೆ ಅಭಿಪ್ರಾಯ. ಒಮ್ಮೆ ವೈರಸ್ ಹೊಕ್ಕ ವಿಂಡೋಸ್ ಮೇಲೆ ನಂಬಿಕೆ ಇಡಬಾರದು. ಕಣ್ಣಿಗೆ ಕಂಡದ್ದನ್ನು ತೆಗೆಯಬಹುದು, ಕಾಣದ್ದನ್ನು ಏನು ಮಾಡುತ್ತೀರಿ? ಸಾಲು ಸಾಲು ಹುಡುಕುತ್ತಾ ದಿನ ಕಳೆಯುವ ಬದಲು ಡೇಟಾ ನಕಲು ಮಾಡಿಕೊಂಡು ಹೊಸದಾಗಿ ಹಾಕುವುದೇ ಲೇಸು. ಎರಡು ಗಂಟೆಯ ಕೆಲಸ.

ದುರಸ್ತಿ ಕೆಲಸದವನು, ಚಿತ್ರದುರ್ಗ

ನಿಮ್ಮ ಮಾತಿನಲ್ಲಿ ಸತ್ಯವಿದೆ ಅಣ್ಣ, ಕೆಲವು ಸಂದರ್ಭದಲ್ಲಿ ನಾನೂ ಅದನ್ನೇ ಹೇಳುತ್ತೇನೆ. ಪಾಸ್‌ವರ್ಡ್ ಕದಿಯುವ ತಂತ್ರಾಂಶ ಬಂದಿದ್ದರೆ, ದೂರದಿಂದ ಯಾರೋ ಕಂಪ್ಯೂಟರ್ ನಡೆಸಿದ ಗುರುತಿದ್ದರೆ, ಬ್ಯಾಂಕ್ ವ್ಯವಹಾರದ ಯಂತ್ರವಾಗಿದ್ದರೆ ಫಾರ್ಮ್ಯಾಟ್ ಮಾಡಿಯೇ ತೀರಬೇಕು. ಆದರೆ ನಮ್ಮ ಎರಡು ಜಿಲ್ಲೆಗಳ ಜೆರಾಕ್ಸ್ ಅಂಗಡಿ, ಡಿಟಿಪಿ ಅಂಗಡಿಗಳಿಗೆ ಬರುವುದು ಬಹುಪಾಲು ಪೆನ್‌ಡ್ರೈವ್‌ನ ಶಾರ್ಟ್‌ಕಟ್ ಹುಳು, ಅಂದರೆ ಯಂತ್ರದಿಂದ ಯಂತ್ರಕ್ಕೆ ಹಬ್ಬುವ ದುಷ್ಟ ತಂತ್ರಾಂಶ. ಅಲ್ಲಿ ಫಾರ್ಮ್ಯಾಟ್ ಮಾಡಿದವರು ಮರುದಿನವೇ ಮತ್ತೆ ಬರುವುದನ್ನು ನೋಡುತ್ತಲೇ ಇದ್ದೇನೆ. ಕಾರಣ ಸರಳ. ಡೇಟಾ ನಕಲು ಮಾಡಿಕೊಂಡದ್ದೂ ಅದೇ ಪೆನ್‌ಡ್ರೈವ್‌ಗೆ, ಹೊಸ ವಿಂಡೋಸ್‌ಗೆ ಮೊದಲು ಚುಚ್ಚಿದ್ದೂ ಅದನ್ನೇ.

ಇನ್ನೊಂದು ವಿಷಯವನ್ನೂ ಹೇಳಲೇಬೇಕು. ಅಂಗಡಿಗಳಲ್ಲಿ 'ಓಎಸ್ ಹಾಕಿಸುವುದು' ಎಂದರೆ ಎಷ್ಟೋ ಕಡೆ ಯಾರೋ ಬದಲಾಯಿಸಿ ಕೊಟ್ಟ ವಿಂಡೋಸ್ ಪ್ರತಿ, ಅದರ ಮೇಲೊಂದು ಆ್ಯಕ್ಟಿವೇಟರ್, ಅಂದರೆ ಲೈಸೆನ್ಸ್ ಇಲ್ಲದೆಯೇ ವಿಂಡೋಸ್ ನಡೆಸುವ ಕಳ್ಳ ಸಾಧನ. ಆ ಆ್ಯಕ್ಟಿವೇಟರ್ ಕೆಲಸ ಮಾಡಬೇಕಾದರೆ ಮೊದಲು ವಿಂಡೋಸ್‌ನದೇ ಆ್ಯಂಟಿವೈರಸ್ ಆದ ಡಿಫೆಂಡರ್ ಅನ್ನು ಆಫ್ ಮಾಡಬೇಕು. ಬಾಗಿಲು ತೆರೆದಿಟ್ಟೇ ಹೊಸ ವಿಂಡೋಸ್ ಶುರುವಾಗುತ್ತದೆ. ಹಾಕುವುದೇ ಆದರೆ ಮೈಕ್ರೋಸಾಫ್ಟ್ ತಾಣದಲ್ಲಿ ಸಿಗುವ ಮೀಡಿಯಾ ಕ್ರಿಯೇಶನ್ ಟೂಲ್‌ನಿಂದ, ಸೋಂಕಿಲ್ಲದ ಬೇರೆ ಕಂಪ್ಯೂಟರ್‌ನಲ್ಲಿ ಪೆನ್‌ಡ್ರೈವ್ ತಯಾರಿಸಿ ಹಾಕಬೇಕು.

ಅಚ್ಚಿನಮನೆ, ಹಳೇ ದಾವಣಗೆರೆ

ಸರ್, ತುಂಬ ಧನ್ಯವಾದ. ನೀವು ಹೇಳಿದಂತೆ ಆಟೋರನ್ಸ್ ತೆರೆದೆ. ಡಿಎಲ್‌ಎಲ್ ಹೆಸರು ರನ್ ಕೀಲಿಯ ಕೆಳಗೆ ಹಳದಿ ಸಾಲಿನಲ್ಲಿ ಸಿಕ್ಕಿತು. ಟಿಕ್ ತೆಗೆದೆ, ಆ ಪೆಟ್ಟಿಗೆ ಈಗ ಬರುತ್ತಿಲ್ಲ. ವಿಬಿಎಸ್ ಮಾತ್ರ ರನ್ ಕೀಲಿಯಲ್ಲಿ ಇರಲಿಲ್ಲ. ನಿಗದಿತ ಕೆಲಸಗಳ ಪುಟದಲ್ಲಿ, ಯಾವುದೋ ಅಪ್‌ಡೇಟ್ ಎಂಬ ಹೆಸರಿನ ಕೆಳಗೆ ಅದು ಅಡಗಿತ್ತು. ಹೆಸರು ನೋಡಿದರೆ ಬ್ರೌಸರ್‌ನ ಅಪ್‌ಡೇಟ್ ಎಂದೇ ಅನ್ನಿಸುತ್ತದೆ. ತಯಾರಕರ ಅಂಕಣ ಖಾಲಿ. ಅದರ ಟಿಕ್ ಕೂಡ ತೆಗೆದೆ.

ಆದರೆ ಹೊಸದೊಂದು ಕಂಡಿತು. ಗ್ರಾಹಕರ ಪೆನ್‌ಡ್ರೈವ್ ಇನ್ನೂ ನನ್ನ ಬಳಿಯೇ ಇದೆ. ಅದನ್ನು ತೆರೆದರೆ ಒಳಗೆ ಕಡತವೇ ಇಲ್ಲ. ಪೆನ್‌ಡ್ರೈವ್‌ನದೇ ಚಿತ್ರ, ಅದರದೇ ಹೆಸರು ಇರುವ ಒಂದು ಶಾರ್ಟ್‌ಕಟ್ ಮಾತ್ರ ಇದೆ. ಅವರ ಮಗಳ ಮದುವೆಯ ಫೋಟೊಗಳು ಅದರಲ್ಲಿದ್ದವು. ಹೋದವೇ?

ದುರಸ್ತಿ ಕೆಲಸದವನು, ಚಿತ್ರದುರ್ಗ

ಹೋಗಿಲ್ಲ ಸರ್, ಅಲ್ಲೇ ಇವೆ. ಅವರಿಗೆ ಇಂದೇ ಫೋನ್ ಮಾಡಿ ಹೇಳಿ, ಪಾಪ ಚಿಂತೆಯಲ್ಲಿ ಇರುತ್ತಾರೆ. ಆ ಶಾರ್ಟ್‌ಕಟ್ ಮೇಲೆ ಮಾತ್ರ ಮತ್ತೆ ಒತ್ತಬೇಡಿ.

ಈ ಹುಳುವಿನ ಉಪಾಯ ನೋಡಿ. ಹಿಂದೆ ಪೆನ್‌ಡ್ರೈವ್ ಚುಚ್ಚಿದರೆ ಸಾಕು, ಅದರಲ್ಲಿದ್ದ ಆಟೋರನ್ ಕಡತ ತಾನಾಗಿ ಓಡುತ್ತಿತ್ತು. 2008ರ ಕೊನೆಯಲ್ಲಿ ಕಾಣಿಸಿಕೊಂಡ ಕಾನ್‌ಫಿಕರ್ ಹುಳು ಹರಡಿದ ದಾರಿಗಳಲ್ಲಿ ಅದೂ ಒಂದು. ವಿಂಡೋಸ್ 7ರಲ್ಲಿ ಮೈಕ್ರೋಸಾಫ್ಟ್ ಪೆನ್‌ಡ್ರೈವ್‌ಗಳಿಗೆ ಅದನ್ನು ನಿಲ್ಲಿಸಿತು, 2011ರಲ್ಲಿ ಎಕ್ಸ್‌ಪಿ ಮತ್ತು ವಿಸ್ಟಾಗೂ ಅಪ್‌ಡೇಟ್ ಮೂಲಕ ನಿಲ್ಲಿಸಿತು. ತಾನಾಗಿ ಓಡುವ ದಾರಿ ಮುಚ್ಚಿದ್ದರಿಂದ ಹುಳು ಬರೆಯುವವರು ನಮ್ಮ ಕೈಯಿಂದಲೇ ಓಡಿಸುವ ದಾರಿ ಹುಡುಕಿದರು. ನಿಮ್ಮ ಎಲ್ಲ ಕಡತಗಳನ್ನೂ ಒಂದು ಅಡಗಿಸಿದ ಫೋಲ್ಡರ್‌ಗೆ ಸರಿಸಿ, ಅದರ ಹೆಸರನ್ನು ಕಣ್ಣಿಗೆ ಕಾಣದ ಒಂದು ಖಾಲಿ ಅಕ್ಷರವಾಗಿ ಇಟ್ಟು, ಹೊರಗೆ ಡ್ರೈವ್‌ನ ಚಿತ್ರವಿರುವ ಶಾರ್ಟ್‌ಕಟ್ ಇಡುತ್ತಾರೆ. ನಾವು ಒಳಗೆ ಹೋಗಲು ಅದನ್ನು ಒತ್ತುತ್ತೇವೆ. ಅದು ಮೊದಲು ರನ್‌ಡಿಎಲ್‌ಎಲ್32 ಮೂಲಕ ಹುಳುವನ್ನು ಎಬ್ಬಿಸಿ, ಆಮೇಲೆ ನಮಗೆ ಕಡತಗಳನ್ನೂ ತೋರಿಸುತ್ತದೆ. ಅನುಮಾನವೇ ಬರುವುದಿಲ್ಲ. ಆಂಡ್ರೊಮಿಡಾ ಅಥವಾ ಗಮಾರೂ ಎಂಬ ಹುಳು ಹೀಗೆಯೇ ಮಾಡುತ್ತಿತ್ತು. ಅದರ ಹಿಂದಿನ ಜಾಲವನ್ನು 2017ರ ನವೆಂಬರ್‌ನಲ್ಲಿ ಹಲವು ದೇಶಗಳ ಪೊಲೀಸರು ಸೇರಿ ಒಡೆದರು. ಜಾಲ ಹೋಯಿತು, ಪೆನ್‌ಡ್ರೈವ್‌ನಿಂದ ಪೆನ್‌ಡ್ರೈವ್‌ಗೆ ಹಬ್ಬುವ ಹುಳು ಹೋಗಲಿಲ್ಲ.

ಫೈಲ್ ಎಕ್ಸ್‌ಪ್ಲೋರರ್‌ನ ಫೋಲ್ಡರ್ ಆಪ್ಷನ್ಸ್‌ಗೆ ಹೋಗಿ ಅಡಗಿದ ಕಡತಗಳನ್ನು ತೋರಿಸು ಎಂಬುದನ್ನು ಆರಿಸಿ. ಅದರ ಕೆಳಗೆ ರಕ್ಷಿತ ಸಿಸ್ಟಮ್ ಕಡತಗಳನ್ನು ಅಡಗಿಸು, ಕಡತದ ಬಾಲವನ್ನು (ಹೆಸರಿನ ಕೊನೆಯ ಎಕ್ಸ್‌ಟೆನ್ಷನ್) ಅಡಗಿಸು ಎಂಬ ಎರಡರ ಟಿಕ್ ತೆಗೆಯಿರಿ. ಈಗ ಪೆನ್‌ಡ್ರೈವ್ ತೆರೆದರೆ ಹೆಸರಿಲ್ಲದ ಮಸುಕಾದ ಫೋಲ್ಡರ್ ಕಾಣುತ್ತದೆ, ಫೋಟೊಗಳು ಅದರೊಳಗಿವೆ. ಫೋಟೊಗಳನ್ನಷ್ಟೇ ಹೊರಗೆ ನಕಲು ಮಾಡಿ ಪೆನ್‌ಡ್ರೈವ್ ಫಾರ್ಮ್ಯಾಟ್ ಮಾಡಿಬಿಡಿ. ಅವರ ಮನೆಯ ಕಂಪ್ಯೂಟರ್‌ನಲ್ಲೂ ಹುಳು ಇರುವುದು ಹೆಚ್ಚುಕಡಿಮೆ ಖಚಿತ, ಅದನ್ನೂ ತಿಳಿಸಿ.

ನಿಮ್ಮ ಕಂಪ್ಯೂಟರ್‌ಗೆ ಇನ್ನೊಂದು ಕೆಲಸ ಬಾಕಿ ಇದೆ. ಸಂದೇಶ ನಿಂತಿತೆಂದು ಇಲ್ಲಿಗೇ ಬಿಡಬೇಡಿ. ವಿಂಡೋಸ್ ಸೆಕ್ಯೂರಿಟಿ ತೆರೆದು, ಸ್ಕ್ಯಾನ್ ಆಪ್ಷನ್ಸ್‌ನಲ್ಲಿ ಡಿಫೆಂಡರ್ ಆಫ್‌ಲೈನ್ ಸ್ಕ್ಯಾನ್ ಆರಿಸಿ. ಕಂಪ್ಯೂಟರ್ ಮರುಚಾಲನೆಯಾಗಿ, ವಿಂಡೋಸ್ ಏಳುವ ಮೊದಲೇ ತಪಾಸಣೆ ನಡೆಯುತ್ತದೆ. ಸುಮಾರು 15 ನಿಮಿಷದ ಕೆಲಸ. ವಿಂಡೋಸ್ ಎದ್ದಮೇಲೆ ತಲೆಮರೆಸಿಕೊಳ್ಳುವ ಹುಳು ಆಗ ನಿದ್ದೆಯಲ್ಲೇ ಸಿಕ್ಕಿಬೀಳುತ್ತದೆ. ಅದಕ್ಕೂ ಮುಂಚೆ ಡಿಫೆಂಡರ್‌ನ ಎಕ್ಸ್‌ಕ್ಲೂಷನ್ಸ್ ಪಟ್ಟಿಯನ್ನು, ಅಂದರೆ ತಪಾಸಣೆಯಿಂದ ಹೊರಗಿಟ್ಟವುಗಳ ಪಟ್ಟಿಯನ್ನು, ತೆರೆದು ನೋಡಿ. ಇಡೀ ಸಿ ಡ್ರೈವ್ ಅಲ್ಲಿ ಸೇರಿಕೊಂಡಿದ್ದರೆ ಅದು ಹೆಚ್ಚಾಗಿ ಹುಳು ಮಾಡಿದ ಕೆಲಸ, ತಕ್ಷಣ ತೆಗೆಯಿರಿ. ಎರಡನೆಯ ಅಭಿಪ್ರಾಯ ಬೇಕಿದ್ದರೆ ಮೈಕ್ರೋಸಾಫ್ಟ್ ಸೇಫ್ಟಿ ಸ್ಕ್ಯಾನರ್ ಇಳಿಸಿ ಓಡಿಸಿ. ಅದರ ಆಯುಸ್ಸು ಇಳಿಸಿದ ದಿನದಿಂದ 10 ದಿನ, ಆದ್ದರಿಂದ ಹಳೆಯ ಪ್ರತಿಯನ್ನು ಎತ್ತಿಟ್ಟುಕೊಳ್ಳುವುದರಲ್ಲಿ ಅರ್ಥವಿಲ್ಲ.

ಸೇವಾ ಕೇಂದ್ರ, ಚಳ್ಳಕೆರೆ

ಈ ಚರ್ಚೆ ಓದುತ್ತಾ ನನ್ನ ಸಮಸ್ಯೆಯನ್ನೂ ಕೇಳುತ್ತಿದ್ದೇನೆ. ಅರ್ಜಿ ಹಾಕಲು ಬರುವವರು, ಪಹಣಿ ಮುದ್ರಿಸಿಕೊಳ್ಳಲು ಬರುವವರು ದಿನವಿಡೀ ಇರುತ್ತಾರೆ. ನಮ್ಮ ಒಂದು ಕಂಪ್ಯೂಟರ್‌ನಲ್ಲಿ ವೈರಸ್ ತೆಗೆದ ಮೇಲೆ ಪಾಸ್‌ವರ್ಡ್ ಹಾಕಿದರೆ 'ವೆಲ್‌ಕಮ್' ಎಂದು ಬಂದು, ಅದೇ ಕ್ಷಣ ಲಾಗ್ ಆಫ್ ಆಗುತ್ತಿದೆ. ಡೆಸ್ಕ್‌ಟಾಪ್ ಕಾಣುವುದೇ ಇಲ್ಲ. ಸೇಫ್ ಮೋಡ್‌ನಲ್ಲಿಯೂ ಅದೇ ಕತೆ. ಜನ ಸಾಲಿನಲ್ಲಿ ನಿಂತಿರುವಾಗ ಇದು ದೊಡ್ಡ ತಲೆನೋವು.

ದುರಸ್ತಿ ಕೆಲಸದವನು, ಚಿತ್ರದುರ್ಗ

ಇದೂ ಅದೇ ಜಾತಿಯ ತೊಂದರೆ ಸರ್, ಜಾಗ ಮಾತ್ರ ಆಯಕಟ್ಟಿನದು. ಲಾಗಿನ್ ಆದ ಕೂಡಲೇ ವಿಂಡೋಸ್ ಓಡಿಸುವ ಕಡತದ ಹೆಸರು ಯೂಸರ್‌ಇನಿಟ್. ಆ ಹೆಸರು ರಿಜಿಸ್ಟ್ರಿಯ ವಿನ್‌ಲಾಗಾನ್ ಕೀಲಿಯಲ್ಲಿ ಬರೆದಿರುತ್ತದೆ. ವೈರಸ್ ಅಲ್ಲಿ ತನ್ನ ಹೆಸರು ಸೇರಿಸಿಕೊಂಡಿರುತ್ತದೆ ಅಥವಾ ಮೂಲ ಕಡತವನ್ನೇ ಬದಲಿಸಿರುತ್ತದೆ. ಆ್ಯಂಟಿವೈರಸ್ ಅದನ್ನು ಅಳಿಸಿದರೆ ಓಡಿಸಲು ಏನೂ ಉಳಿಯದೆ ವಿಂಡೋಸ್ ಹಿಂದಕ್ಕೆ ಹೋಗುತ್ತದೆ.

ಲಾಗಿನ್ ಪರದೆಯ ಪವರ್ ಗುಂಡಿಯಲ್ಲಿ ಶಿಫ್ಟ್ ಹಿಡಿದುಕೊಂಡು ರೀಸ್ಟಾರ್ಟ್ ಒತ್ತಿದರೆ ರಿಕವರಿ ಪರದೆ ಬರುತ್ತದೆ. ಟ್ರಬಲ್‌ಶೂಟ್, ಅಡ್ವಾನ್ಸ್‌ಡ್ ಆಪ್ಷನ್ಸ್, ಕಮಾಂಡ್ ಪ್ರಾಂಪ್ಟ್ ಎಂದು ಸಾಗಿ. ಅಲ್ಲಿ ರೆಜ್‌ಎಡಿಟ್ ಎಂದು ಟೈಪಿಸಿದರೆ ತೆರೆಯುವುದು ರಿಕವರಿಯದೇ ರಿಜಿಸ್ಟ್ರಿ, ನಿಮ್ಮದಲ್ಲ. ಇಲ್ಲಿ ಬಹಳ ಜನ ಎಡವುತ್ತಾರೆ. ಎಚ್‌ಕೆಇವೈ ಲೋಕಲ್ ಮಷೀನ್ ಆರಿಸಿ, ಫೈಲ್ ಮೆನುವಿನ ಲೋಡ್ ಹೈವ್ (ಹೈವ್ ಎಂದರೆ ರಿಜಿಸ್ಟ್ರಿಯ ಕಡತ) ಒತ್ತಿ, ನಿಮ್ಮ ವಿಂಡೋಸ್ ಇರುವ ಡ್ರೈವ್‌ನಲ್ಲಿ ಸಿಸ್ಟಮ್32 ಒಳಗಿನ ಕಾನ್‌ಫಿಗ್ ಫೋಲ್ಡರ್‌ನ ಸಾಫ್ಟ್‌ವೇರ್ ಎಂಬ ಕಡತ ತೆರೆದು ಒಂದು ತಾತ್ಕಾಲಿಕ ಹೆಸರು ಕೊಡಿ. ರಿಕವರಿಯಲ್ಲಿ ಡ್ರೈವ್ ಅಕ್ಷರ ಬದಲಾಗಿ ಸಿ ಎಂಬುದು ಡಿ ಆಗಿರಬಹುದು, ನೋಡಿಕೊಳ್ಳಿ. ಕೈ ಹಾಕುವ ಮೊದಲು ಆ ಸಾಫ್ಟ್‌ವೇರ್ ಕಡತದ ನಕಲು ಇಟ್ಟುಕೊಳ್ಳುವುದು ಕಡ್ಡಾಯ. ವಿಂಡೋಸ್ 10ರ 1803 ಆವೃತ್ತಿಯಿಂದ ಈಚೆಗೆ ರಿಜಿಸ್ಟ್ರಿಯ ಪ್ರತಿಯನ್ನು ರೆಜ್‌ಬ್ಯಾಕ್ ಫೋಲ್ಡರ್‌ನಲ್ಲಿ ತಾನಾಗಿ ಇಡುವ ಪದ್ಧತಿ ನಿಂತುಹೋಗಿದೆ, ಅದನ್ನು ನಂಬಿಕೊಂಡು ಇಳಿಯಬೇಡಿ.

ಮೈಕ್ರೋಸಾಫ್ಟ್, ವಿಂಡೋಸ್ ಎನ್‌ಟಿ, ಕರೆಂಟ್‌ವರ್ಷನ್, ವಿನ್‌ಲಾಗಾನ್ ಎಂದು ಇಳಿದರೆ ಯೂಸರ್‌ಇನಿಟ್ ಎಂಬ ಮೌಲ್ಯ ಇರುತ್ತದೆ. ಅದರಲ್ಲಿ ಸಿ ಡ್ರೈವ್‌ನ ವಿಂಡೋಸ್, ಸಿಸ್ಟಮ್32 ಒಳಗಿನ ಯೂಸರ್‌ಇನಿಟ್ ಡಾಟ್ ಇಎಕ್ಸ್‌ಇ, ಕೊನೆಗೊಂದು ಅಲ್ಪವಿರಾಮ ಇಷ್ಟೇ ಇರಬೇಕು. ಇಲ್ಲಿ ಸಿ ಎಂದೇ ಬರೆಯಿರಿ, ರಿಕವರಿಯ ಅಕ್ಷರವನ್ನಲ್ಲ. ಶೆಲ್ ಎಂಬ ಮೌಲ್ಯದಲ್ಲಿ ಎಕ್ಸ್‌ಪ್ಲೋರರ್ ಡಾಟ್ ಇಎಕ್ಸ್‌ಇ ಬಿಟ್ಟು ಬೇರೇನೂ ಇರಬಾರದು. ಸರಿಪಡಿಸಿ, ಅನ್‌ಲೋಡ್ ಹೈವ್ ಮಾಡಿ ಹೊರಬನ್ನಿ. ಯೂಸರ್‌ಇನಿಟ್ ಕಡತವೇ ಕಾಣೆಯಾಗಿದ್ದರೆ ಸಿಸ್ಟಮ್ ಫೈಲ್ ಚೆಕರ್ ಅನ್ನು ರಿಕವರಿಯಿಂದಲೇ, ಅಂದರೆ ಆಫ್‌ಬೂಟ್‌ಡಿರ್ ಮತ್ತು ಆಫ್‌ವಿನ್‌ಡಿರ್ ಎಂಬ ಎರಡು ಆಯ್ಕೆಗಳಲ್ಲಿ ನಿಮ್ಮ ಡ್ರೈವ್ ತೋರಿಸಿ ಓಡಿಸಬೇಕು.

ಆದರೆ ನಿಮಗೆ ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ನಿಮ್ಮದು ಸೇವಾ ಕೇಂದ್ರ. ಜನರ ಆಧಾರ್, ಬ್ಯಾಂಕ್ ಪಾಸ್‌ಬುಕ್, ಜಾತಿ ಆದಾಯ ಪತ್ರ ಎಲ್ಲವೂ ಆ ಕಂಪ್ಯೂಟರ್ ಮೂಲಕವೇ ಹಾದುಹೋಗುತ್ತವೆ. ಲಾಗಿನ್ ಜಾಗವನ್ನೇ ಹಿಡಿದ ವೈರಸ್ ಏನೇನು ನೋಡಿದೆಯೋ ಯಾರಿಗೂ ತಿಳಿಯದು. ಮೇಲಿನ ದಾರಿಯಲ್ಲಿ ಡೆಸ್ಕ್‌ಟಾಪ್ ತನಕ ಹೋಗಿ, ಬೇಕಾದ ಕಡತ ಹೊರಗೆ ತೆಗೆದುಕೊಳ್ಳಿ. ಆಮೇಲೆ ಹರಿಹರದ ಅಣ್ಣ ಹೇಳಿದಂತೆ ಪೂರ್ತಿ ಅಳಿಸಿ ಹೊಸದಾಗಿ ಹಾಕಿ.

ಎಂಸಿಎ ವಿದ್ಯಾರ್ಥಿನಿ, ದಾವಣಗೆರೆ

ಸರ್ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಹೊಸ ವಿಂಡೋಸ್ ಹಾಕಿದರೂ ಕದ್ದುಹೋದ ಪಾಸ್‌ವರ್ಡ್ ವಾಪಸ್ ಬರುವುದಿಲ್ಲ. ಈಗಿನ ಕಳ್ಳ ತಂತ್ರಾಂಶಗಳು ಬ್ರೌಸರ್‌ನಲ್ಲಿ ಉಳಿಸಿಟ್ಟ ಪಾಸ್‌ವರ್ಡ್‌ಗಳ ಜೊತೆಗೆ ಕುಕಿಗಳನ್ನೂ (ನೀವು ಲಾಗಿನ್ ಆಗಿರುವುದನ್ನು ತಾಣಗಳು ನೆನಪಿಟ್ಟುಕೊಳ್ಳುವ ಗುರುತು) ಒಯ್ಯುತ್ತವೆ. ಕುಕಿ ಕೈಗೆ ಸಿಕ್ಕರೆ ಓಟಿಪಿ ಕೇಳದೆಯೇ ನಿಮ್ಮ ಖಾತೆಯೊಳಗೆ ಬರಬಹುದು. ಆದ್ದರಿಂದ ಬೇರೆ ಕಂಪ್ಯೂಟರ್‌ನಿಂದ ಅಥವಾ ಮೊಬೈಲ್‌ನಿಂದ ಪಾಸ್‌ವರ್ಡ್ ಬದಲಿಸಿ, ಎಲ್ಲ ಸಾಧನಗಳಿಂದಲೂ ಹೊರಹಾಕು ಎಂಬ ಆಯ್ಕೆಯನ್ನು ತಪ್ಪದೆ ಒತ್ತಿ. ಮೊದಲು ಇಮೇಲ್, ಆಮೇಲೆ ಬ್ಯಾಂಕ್, ಆಮೇಲೆ ಉಳಿದದ್ದು. ಹಣ ಹೋಗಿದ್ದರೆ ಒಂದು ನಿಮಿಷವೂ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಸರ್ಕಾರದ್ದೇ ಸೈಬರ್ ಸ್ವಚ್ಛತಾ ಕೇಂದ್ರ ಇದೆ, ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ ಅದನ್ನು 2017ರ ಫೆಬ್ರವರಿಯಿಂದ ನಡೆಸುತ್ತಿದೆ. ವೈರಸ್ ತೆಗೆಯುವ ಉಚಿತ ಸಾಧನಗಳ ಜೊತೆಗೆ ಪೆನ್‌ಡ್ರೈವ್ ತಡೆಗೆಂದೇ ಮಾಡಿದ ಯುಎಸ್‌ಬಿ ಪ್ರತಿರೋಧ್ ಎಂಬುದೂ ಅಲ್ಲಿನದು. ನಮ್ಮ ಊರಿನ ಅಂಗಡಿಗಳಲ್ಲಿ ಇದರ ಹೆಸರು ಕೇಳಿದವರೇ ಕಡಿಮೆ ಎಂಬುದು ಬೇಸರದ ಸಂಗತಿ.

ಲೆಕ್ಕಪತ್ರ ಕಚೇರಿ, ಹೊಳಲ್ಕೆರೆ

ನಮ್ಮ ಕಂಪ್ಯೂಟರ್ ವಿಂಡೋಸ್ ತನಕವೂ ಹೋಗುತ್ತಿಲ್ಲ. ಕಪ್ಪು ಪರದೆ, ಆಪರೇಟಿಂಗ್ ಸಿಸ್ಟಮ್ ಸಿಗಲಿಲ್ಲ ಎಂಬ ಒಂದೇ ಸಾಲು. ಯಾವುದೋ ವಿಡಿಯೊ ನೋಡಿ ಬೂಟ್‌ರೆಕ್ ಫಿಕ್ಸ್‌ಎಂಬಿಆರ್ ಎಂಬ ಆಜ್ಞೆ ಕೊಡಬೇಕೆಂದು ತಿಳಿಯಿತು. ಕೊಡಬಹುದೇ?

ದುರಸ್ತಿ ಕೆಲಸದವನು, ಚಿತ್ರದುರ್ಗ

ಸ್ವಲ್ಪ ತಡೆಯಿರಿ ಸರ್. ಮೊದಲು ಎಲ್ಲ ಪೆನ್‌ಡ್ರೈವ್, ಹೊರಗಿನ ಹಾರ್ಡ್‌ಡಿಸ್ಕ್ ಕಿತ್ತು ಆನ್ ಮಾಡಿ. ಎಷ್ಟೋ ಸಲ ಇಷ್ಟಕ್ಕೇ ಸರಿಹೋಗುತ್ತದೆ. ಕಂಪ್ಯೂಟರ್ ಆ ಪೆನ್‌ಡ್ರೈವ್‌ನಿಂದ ಏಳಲು ನೋಡಿ ಸೋತಿರುತ್ತದೆ. ಆಮೇಲೆ ಬಯಾಸ್ (ವಿಂಡೋಸ್‌ಗೂ ಮೊದಲು ಬರುವ ಯಂತ್ರದ ಸೆಟ್ಟಿಂಗ್ ಪರದೆ) ತೆರೆದು ಹಾರ್ಡ್‌ಡಿಸ್ಕ್ ಹೆಸರು ಕಾಣುತ್ತಿದೆಯೇ ನೋಡಿ. ಕಾಣದಿದ್ದರೆ ಅದು ಡಿಸ್ಕ್ ಅಥವಾ ಕೇಬಲ್‌ನ ದೋಷ, ವೈರಸ್ ಮೇಲೆ ಹೊರಿಸಿ ಪ್ರಯೋಜನವಿಲ್ಲ.

ಡಿಸ್ಕ್ ಕಂಡರೆ, ರಿಕವರಿಯ ಕಮಾಂಡ್ ಪ್ರಾಂಪ್ಟ್‌ನಲ್ಲಿ ಡಿಸ್ಕ್‌ಪಾರ್ಟ್ ತೆರೆದು ಲಿಸ್ಟ್ ಡಿಸ್ಕ್ ಎಂದು ಕೊಡಿ. ಜಿಪಿಟಿ ಅಂಕಣದಲ್ಲಿ ನಕ್ಷತ್ರ ಇದ್ದರೆ ಹೊಸ ರೀತಿಯ ಡಿಸ್ಕ್. ಅದಕ್ಕೆ ಫಿಕ್ಸ್‌ಎಂಬಿಆರ್‌ನಿಂದ ಉಪಯೋಗವಿಲ್ಲ, ಇಎಫ್‌ಐ ಪಾರ್ಟಿಶನ್‌ಗೆ ಅಕ್ಷರ ಕೊಟ್ಟು ಬಿಸಿಡಿಬೂಟ್ ಆಜ್ಞೆಯಿಂದ ಬೂಟ್ ಕಡತಗಳನ್ನು ಹೊಸದಾಗಿ ಬರೆಯಬೇಕು. ನಕ್ಷತ್ರ ಇಲ್ಲದಿದ್ದರೆ ಹಳೆಯ ಎಂಬಿಆರ್ ಪದ್ಧತಿ. ಡಿಸ್ಕ್‌ನ ಮೊದಲ ಸೆಕ್ಟರ್‌ನಲ್ಲೇ ಕೂರುವ ಬೂಟ್‌ಕಿಟ್‌ಗಳನ್ನು ಫಿಕ್ಸ್‌ಎಂಬಿಆರ್ ಒರೆಸುತ್ತದೆ. ಪಾರ್ಟಿಶನ್ ಪಟ್ಟಿಯನ್ನು ಅದು ಮುಟ್ಟುವುದಿಲ್ಲ.

ಆದರೆ ನಿಮ್ಮಲ್ಲಿ ಗ್ರಾಹಕರ ಲೆಕ್ಕಪತ್ರ ಇದೆ. ಒಂದು ಆಜ್ಞೆಯನ್ನೂ ಕೊಡುವ ಮುಂಚೆ ಲಿನಕ್ಸ್ (ವಿಂಡೋಸ್ ಅಲ್ಲದ ಉಚಿತ ಓಎಸ್) ಪೆನ್‌ಡ್ರೈವ್‌ನಿಂದ ಕಂಪ್ಯೂಟರ್ ಎಬ್ಬಿಸಿ, ಟ್ಯಾಲಿಯ ಡೇಟಾ ಫೋಲ್ಡರ್ ಹೊರಗೆ ತೆಗೆದುಕೊಳ್ಳಿ. ಹೊಸ ಲ್ಯಾಪ್‌ಟಾಪ್ ಆಗಿದ್ದರೆ ಡಿಸ್ಕ್ ಬಿಟ್‌ಲಾಕರ್‌ನಿಂದ ಬೀಗ ಬಿದ್ದಿರಬಹುದು. ಅದರ 48 ಅಂಕಿಗಳ ರಿಕವರಿ ಕೀಲಿ ಸಾಮಾನ್ಯವಾಗಿ ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿ ಇರುತ್ತದೆ, ಮೊಬೈಲ್‌ನಲ್ಲೇ ತೆರೆದು ನೋಡಬಹುದು. ಆ ಕೀಲಿ ಕೈಯಲ್ಲಿಲ್ಲದೆ ಬಯಾಸ್‌ನಲ್ಲಿ ಏನನ್ನೂ ಬದಲಿಸಬೇಡಿ. ಕಡತಗಳ ಬಾಲ ವಿಚಿತ್ರವಾಗಿ ಬದಲಾಗಿ, ಹಣ ಕೇಳುವ ಟಿಪ್ಪಣಿ ಕಂಡರೆ ಅದು ರ‍್ಯಾನ್ಸಮ್‌ವೇರ್. ಆಗ ಏನನ್ನೂ ಅಳಿಸದೆ ನೋ ಮೋರ್ ರ‍್ಯಾನ್ಸಮ್ ತಾಣದಲ್ಲಿ ಆ ಜಾತಿಗೆ ಉಚಿತ ಬಿಡುಗಡೆ ಸಾಧನ ಇದೆಯೇ ಎಂದು ಮೊದಲು ನೋಡಬೇಕು.

ಅಚ್ಚಿನಮನೆ, ಹಳೇ ದಾವಣಗೆರೆ

ಆಫ್‌ಲೈನ್ ಸ್ಕ್ಯಾನ್ ಮುಗಿಯಿತು, ಇನ್ನೊಂದು ಕಡತ ಸಿಕ್ಕಿ ತೆಗೆಯಿತು. ಎರಡೂ ಪೆಟ್ಟಿಗೆಗಳು ನಿಂತಿವೆ. ಫೋಟೊಗಳು ಹೆಸರಿಲ್ಲದ ಫೋಲ್ಡರ್‌ನಲ್ಲಿಯೇ ಇದ್ದವು, ಗ್ರಾಹಕರಿಗೆ ತಲುಪಿಸಿದೆ. ಅವರಿಗೆ ಆದ ಸಂತೋಷ ನೋಡಿ ನನಗೂ ಸಮಾಧಾನವಾಯಿತು. ಬ್ರೌಸರ್‌ನ ಪಾಸ್‌ವರ್ಡ್‌ಗಳನ್ನೂ ಮೊಬೈಲ್‌ನಿಂದ ಬದಲಿಸಿದೆ. ಇನ್ನೊಂದೇ ಪ್ರಶ್ನೆ. ನಾಳೆ ಮತ್ತೊಬ್ಬರು ಪೆನ್‌ಡ್ರೈವ್ ತರುತ್ತಾರೆ. ಬೇಡ ಎನ್ನಲು ನಮ್ಮ ಕಸುಬಿನಲ್ಲಿ ಆಗುವುದಿಲ್ಲ. ಏನು ಮಾಡಲಿ?

ದುರಸ್ತಿ ಕೆಲಸದವನು, ಚಿತ್ರದುರ್ಗ

ಮೂಲೆಯಲ್ಲಿ ಬಿದ್ದಿರುವ ಹಳೆಯ ಸಿಪಿಯು ಯಾವುದಾದರೂ ಇದ್ದರೆ ಅದಕ್ಕೆ ಲಿನಕ್ಸ್ ಮಿಂಟ್ ಹಾಕಿ, ಗ್ರಾಹಕರ ಪೆನ್‌ಡ್ರೈವ್‌ಗೆ ಅದನ್ನೇ ಮೀಸಲಿಡಿ. ವಿಂಡೋಸ್‌ಗೆಂದು ಬರೆದ ಶಾರ್ಟ್‌ಕಟ್ ಮತ್ತು ವಿಬಿಎಸ್ ಅಲ್ಲಿ ಓಡುವುದಿಲ್ಲ. ಅಡಗಿದ ಫೋಲ್ಡರ್ ಹೆಚ್ಚಾಗಿ ಎದುರಿಗೇ ಕಾಣುತ್ತದೆ, ಏಕೆಂದರೆ ವಿಂಡೋಸ್‌ನ ಅಡಗಿಸುವ ಗುರುತನ್ನು ಲಿನಕ್ಸ್ ಸಾಮಾನ್ಯವಾಗಿ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಅಲ್ಲಿಂದ ಬೇಕಾದ ಪಿಡಿಎಫ್, ಫೋಟೊ, ಪೇಜ್‌ಮೇಕರ್ ಕಡತವನ್ನಷ್ಟೇ ನೆಟ್‌ವರ್ಕ್ ಮೂಲಕ ಮುಖ್ಯ ಕಂಪ್ಯೂಟರ್‌ಗೆ ತೆಗೆದುಕೊಳ್ಳಿ. ಮುಖ್ಯ ಕಂಪ್ಯೂಟರ್‌ನಲ್ಲಿ ವಿಂಡೋಸ್ ಸ್ಕ್ರಿಪ್ಟ್ ಹೋಸ್ಟ್ ಅನ್ನು ರಿಜಿಸ್ಟ್ರಿಯಲ್ಲಿ ಆಫ್ ಮಾಡಿಬಿಡಬಹುದು, ಡಿಟಿಪಿ ಕೆಲಸಕ್ಕೆ ಅದು ಬೇಕಾಗುವುದೇ ಇಲ್ಲ.

ನಿಮ್ಮದು ಯಾವ ವಿಂಡೋಸ್ ಎಂದು ಬರೆದಿಲ್ಲ. ವಿಂಡೋಸ್ 7 ಆಗಿದ್ದರೆ ಅದಕ್ಕೆ ಭದ್ರತಾ ಅಪ್‌ಡೇಟ್ 2020ರ ಜನವರಿ 14ಕ್ಕೆ ನಿಂತಿದೆ, ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ ಸಾಮಾನ್ಯ ಬೆಂಬಲ ಮುಗಿದಿದೆ. ಪೇಜ್‌ಮೇಕರ್‌ಗೋಸ್ಕರ ಹಳೆಯ ವಿಂಡೋಸ್ ಇಟ್ಟುಕೊಳ್ಳಲೇಬೇಕೆಂದರೆ ಆ ಕಂಪ್ಯೂಟರ್‌ಗೆ ಇಂಟರ್ನೆಟ್ ಕೊಡಬೇಡಿ, ಇಮೇಲ್ ಮತ್ತು ವಾಟ್ಸ್ಆ್ಯಪ್ ಲಿನಕ್ಸ್ ಯಂತ್ರದಲ್ಲಿಯೇ ನಡೆಯಲಿ. ನುಡಿ, ಬರಹದ ಫಾಂಟುಗಳ ಫೋಲ್ಡರ್ ಮತ್ತು ಕೆಲಸದ ಕಡತಗಳ ಒಂದು ನಕಲನ್ನು ಹೊರಗಿನ ಹಾರ್ಡ್‌ಡಿಸ್ಕ್‌ಗೆ ಹಾಕಿ, ನಕಲು ಮುಗಿದೊಡನೆ ಕಿತ್ತು ಬೀರುವಿನಲ್ಲಿ ಇಡಿ. ಆಟೋರನ್ಸ್‌ನಲ್ಲಿ ಟಿಕ್ ತೆಗೆದ ಆ ಎರಡು ಸಾಲುಗಳನ್ನು ಇನ್ನು ಅಳಿಸಬಹುದು.